ಫೋನ್ ಎತ್ತಿದರೆ ನೆಟ್ ಹೋಗುತ್ತಾ? ಮೊದಲು ಮನೆ ವೈರಿಂಗ್ ನೋಡಿ

ಮಹಡಿ ರೂಮಿನಲ್ಲಿ ಮೋಡೆಮ್, ಕೆಳಗೆ ಹಾಲ್‌ನಲ್ಲಿ ಫೋನ್. ಯಾರಾದರೂ ಫೋನ್ ಎತ್ತಿದರೆ ನೆಟ್ ಕಟ್, ಉಳಿದ ಹೊತ್ತಿನಲ್ಲೂ 8 ಎಂಬಿಪಿಎಸ್ ಪ್ಲಾನಿಗೆ 2 ಕೂಡ ಬರಲ್ಲ ಎಂದಿದ್ದೀರಿ. ಹೊರಗಿನ ಲೈನಿಗಿಂತ ನಿಮ್ಮ ಮನೆ ವೈರಿಂಗ್ ಮೇಲೇ ನನಗೆ ಅನುಮಾನ ಜಾಸ್ತಿ.

ಮಾತು 4 ಕಿಲೋಹರ್ಟ್ಸ್ ಒಳಗೆ ಹೋಗುತ್ತದೆ, ಎಡಿಎಸ್‌ಎಲ್ (ಫೋನ್ ತಂತಿಯಲ್ಲೇ ಬರುವ ಇಂಟರ್ನೆಟ್) ಡೇಟಾ ಸುಮಾರು 25ರ ಮೇಲೆ. ತಂತಿ ಮಾತ್ರ ಒಂದೇ. ಎರಡನ್ನೂ ಬೇರೆ ಮಾಡುವುದು ಸ್ಪ್ಲಿಟರ್. ನಿಮ್ಮದು ಮೋಡೆಮ್ ಪಕ್ಕದಲ್ಲಿದೆ, ಹಾಲ್ ಫೋನಿನ ವೈರ್ ಅದಕ್ಕೂ ಮೊದಲೇ ಕವಲೊಡೆದಿದೆ, ಅಲ್ವಾ? ಹಾಗಿದ್ದರೆ ಆ ಫೋನಿಗೆ ಡೇಟಾ ತಡೆಯುವ ಫಿಲ್ಟರೇ ಇಲ್ಲ; ಎತ್ತಿದೊಡನೆ ಡೇಟಾ ಸಿಗ್ನಲ್ ಕೆಡುತ್ತದೆ.

ಕಂಬದ ವೈರ್ ಮನೆಯೊಳಗೆ ಮೊದಲು ಸೇರುವ ರೋಸೆಟ್ ಬಾಕ್ಸ್ ಹುಡುಕಿ. ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಬಿಚ್ಚಿ, ಮೋಡೆಮ್ ಒಂದನ್ನೇ ಅಲ್ಲಿ ಸಿಕ್ಕಿಸಿ. (ರಿಂಗ್ ಬರುವಾಗ ಬರಿಗೈಯಲ್ಲಿ ತಂತಿ ಮುಟ್ಟಬೇಡಿ, ಜುಮ್ ಅನ್ನುತ್ತೆ!) ಬ್ರೌಸರ್‌ನಲ್ಲಿ ತೆರೆಯುವ ಮೋಡೆಮ್ ಪುಟದಲ್ಲಿ ಡೌನ್‌ಸ್ಟ್ರೀಮ್ ರೇಟ್ (ಮನೆಗೆ ಬರುವ ಡೇಟಾದ ವೇಗ), ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎನ್ನುವ ಅಂಕಿ) ಎರಡನ್ನೂ ಬಿಚ್ಚುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಬರೆದುಕೊಳ್ಳಿ. ಏರಿದರೆ ಕಳ್ಳ ಮನೆಯೊಳಗೇ ಇದ್ದಾನೆ.

ಸ್ಕ್ರೂ ಬಳಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿದ್ದರೆ ತುದಿ ಕತ್ತರಿಸಿ, ಹೊಸದಾಗಿ ಸುಲಿದು ಬಿಗಿಮಾಡಿ. ಸುಮ್ನೆ ನೇತಾಡುವ ಹಳೆ ಎಕ್ಸ್‌ಟೆನ್ಷನ್ ಕೂಡ ತೆಗೆಯಿರಿ; ಅದರ ತುದಿಗೆ ಹೋದ ಸಿಗ್ನಲ್ ವಾಪಸ್ ಬಂದು ಗೊಂದಲ ಮಾಡುತ್ತದೆ.

ನಾನಾದರೆ ಸ್ಪ್ಲಿಟರ್, ಮೋಡೆಮ್ ಎರಡನ್ನೂ ರೋಸೆಟ್ ಹತ್ತಿರವೇ ಇಟ್ಟು, ಮಹಡಿಗೆ ಲ್ಯಾನ್ ಕೇಬಲ್ ಎಳೆಯುತ್ತೇನೆ. ರೋಸೆಟ್‌ನಲ್ಲೂ ಸ್ಪೀಡ್ ಏರದಿದ್ದರೆ ಬರೆದಿಟ್ಟ ಅಂಕಿಗಳನ್ನು ಹಿಡಿದು ಕಂಪ್ಲೇಂಟ್ ಕೊಡಿ.