ಬೇಲಿ ಹಾಕಿದರೆ ಹಕ್ಕಿ ಉಳಿಯುತ್ತಾ?

"ಹಕ್ಕಿಗಳ ಮೇಲೆ ವರ್ಷಗಟ್ಟಲೆ ಸಂಶೋಧನೆ ಯಾಕೆ? ಕೆರೆಗೆ, ಕಾಡಿಗೆ ಭದ್ರವಾಗಿ ಬೇಲಿ ಹಾಕಿ, ದನ-ಜನ ಒಳಗೆ ಬಾರದಂತೆ ನೋಡಿಕೊಂಡರೆ ಸಾಲದೇ?"
– ತುಮಕೂರು ಜಿಲ್ಲೆಯ ಓದುಗರೊಬ್ಬರು

ಉತ್ತರ: ಒತ್ತುವರಿ, ಬೇಟೆ ಇರುವ ಕಡೆ ಬೇಲಿ ಬೇಕು. ಅಷ್ಟಕ್ಕೆ ನನ್ನದೂ ಒಂದು ಓಟು. ಆದರೆ "ಸಾಲದೇ" ಅಂದಿರಲ್ಲ, ಅಲ್ಲೇ ನನ್ನ ತಕರಾರು.

ರಾಜಸ್ಥಾನದ ಭರತಪುರದಲ್ಲಿ ನೀವು ಹೇಳಿದ್ದನ್ನೇ ಮಾಡಿದರು. 1982ರಲ್ಲಿ ಅಲ್ಲಿನ ಕೇವಲಾದೇವ್ ಪಕ್ಷಿ ಉದ್ಯಾನದೊಳಗೆ ದನ-ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ಗಲಾಟೆಯಾಯಿತು, ಪೊಲೀಸರ ಗುಂಡಿಗೆ ಹಳ್ಳಿಗರು ಸತ್ತರು. ಆ ಹೊತ್ತಿಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಲ್ಲಿ ಕೂತು ಹುಲ್ಲು, ನೀರು, ಹಕ್ಕಿ ಎಲ್ಲದರ ಲೆಕ್ಕ ಇಡುತ್ತಿದ್ದರು. ಹತ್ತು ವರ್ಷದ ಕೆಲಸ. ಎಮ್ಮೆ ಹೋದ ಮೇಲೆ ಪಾಸ್ಪಲಮ್ ಎಂಬ ಹುಲ್ಲು ನೀರಿನ ತುಂಬ ಹಬ್ಬಿತು. ಬಾತುಗಳಿಗೆ ತೆರೆದ ನೀರೇ ಕಡಿಮೆಯಾಯಿತು. ಇಷ್ಟು ದಿನ ಸಂಬಳವಿಲ್ಲದೆ ಕಳೆ ತೆಗೆಯುತ್ತಿದ್ದದ್ದು ಎಮ್ಮೆಗಳೇ ಅಂತ ಗೊತ್ತಾಗಿದ್ದು ಆಮೇಲೆ!

ಗೂಬೆಯ ಕತೆ ಇನ್ನೂ ಸ್ವಾರಸ್ಯ. ನಮ್ಮ ಹಾಲಕ್ಕಿಯ ನಂಟ, ಮಧ್ಯ ಭಾರತದ ಫಾರೆಸ್ಟ್ ಔಲೆಟ್, 1884ರ ನಂತರ ನಾಪತ್ತೆ. 1914ರಲ್ಲಿ ಗುಜರಾತಿನಲ್ಲಿ ಸಿಕ್ಕಿತೆಂದು ಮೈನರ್ಟ್ಸ್‌ಹ್ಯಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಸತ್ತ ಹಕ್ಕಿಯ ಮಾದರಿಯೊಂದಕ್ಕೆ ಚೀಟಿ ಕಟ್ಟಿದ್ದ. ಅದು ಮ್ಯೂಸಿಯಂನಿಂದ ಕದ್ದ ಹಳೇ ಹಕ್ಕಿ. ಆ ಚೀಟಿ ನಂಬಿ ಹುಡುಕಿದವರು ಬರಿಗೈಲಿ ಬಂದರು. ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಕಳ್ಳತನ ಪತ್ತೆ ಹಚ್ಚಿ, 1997ರಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಸಂಗಡಿಗರ ಜೊತೆ ಗೂಬೆಯನ್ನೇ ಕಂಡರು. ಅದೂ ಹಾಡಹಗಲೇ! ಇದು ಗೂಡು ಮಾಡುವುದು ಮರದ ಪೊಟರೆಯಲ್ಲಿ. ತಾನಾಗಿ ಕೊರೆಯಲಾರದು, ಹಳೇ ಮರವೇ ಬೇಕು. ಒಣಗಿದ್ದು, ಟೊಳ್ಳಾದದ್ದು ಎಂದು ಕಡಿಸಿಬಿಟ್ಟರೆ ಬೇಲಿ ಎಷ್ಟು ಗಟ್ಟಿಯಿದ್ದರೇನು?

ಮಂಡ್ಯದ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೀರಾ? ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಹುಣಸೆಮರಗಳಲ್ಲೇ ಸಂಸಾರ ಹೂಡುತ್ತವೆ. ಅಲ್ಲಿ ಬೇಲಿ ಎಲ್ಲಿ ಹಾಕ್ತೀರಿ, ಹೇಳಿ.

ನಮ್ಮಲ್ಲಿ ಕೆರೆ ಅಭಿವೃದ್ಧಿ ಅಂದರೆ ಸುತ್ತ ಕಲ್ಲು, ಟೈಲ್ಸ್ ಹಾದಿ, ದೀಪ, ಕಾರಂಜಿ. ಗದ್ದೆಗೊರವ ಎಂಬ ನೀರಂಚಿನ ಹಕ್ಕಿಗೆ ಬೇಕಾದ ಕೆಸರಿನ ಅಂಚನ್ನು ಮೊದಲು ತೆಗೆದುಬಿಡುತ್ತಾರೆ, ಅದು ಗಲೀಜಂತೆ. ದೀಪದ ಕಂಬದ ಬಿಲ್ ಸಲೀಸಾಗಿ ಪಾಸಾಗುತ್ತದೆ. ಅದೇ ಕೆರೆಯಲ್ಲಿ ಮೂರು ವರ್ಷ ಹಕ್ಕಿ ಎಣಿಸುವ ಹುಡುಗಿಗೆ ಸ್ಟೈಪೆಂಡ್ ಕೇಳಿ ನೋಡಿ, "ಅದ್ರಿಂದ ಏನುಪಯೋಗ?" ಅಂತಾರೆ. ನೀವೂ ಅದನ್ನೇ ಕೇಳಿದ್ದೀರಿ, ಸ್ವಾಮಿ. ಆದರೂ ಪತ್ರ ಬರೆಯುತ್ತಿರಿ.