1791ರ ಆಟದಲ್ಲಿ ಟಿಪ್ಪುವಿನ ಕುದುರೆಪಡೆಗೆ ಕೆಲಸ ಸಿಗಬೇಕಾದರೆ

ಟಿಪ್ಪು ಮತ್ತು ಬ್ರಿಟಿಷರ ನಡುವಿನ 1791ರ ಯುದ್ಧವನ್ನು ನಕ್ಷೆಯ ಮೇಲೆ ಆಡುವ ನಿಮ್ಮ ಯುದ್ಧದಾಟದಲ್ಲಿ ಟಿಪ್ಪುವಿನ ಲಘು ಕುದುರೆಪಡೆ ಇದ್ದೂ ಪ್ರಯೋಜನವಾಗುತ್ತಿಲ್ಲ, ಏನು ಮಾಡಬೇಕು ಎಂದು ಕೇಳಿದ್ದೀರಿ. ಇಬ್ಬರೂ ಒಂದೇ ನಕ್ಷೆ ನೋಡಿಕೊಂಡು ಆಡುತ್ತಿರುವುದೇ ಕಾರಣ ಇರಬೇಕು. ಸೈನ್ಯ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ಬೇಹಿಗೆ ಬೆಲೆಯಿಲ್ಲ.

ಮೊದಲು ಒಬ್ಬ ಮಧ್ಯಸ್ಥರನ್ನು ಗೊತ್ತುಮಾಡಿ. ಅಸಲಿ ನಕ್ಷೆ ಅವರ ಬಳಿ ಮಾತ್ರ ಇರಲಿ. ಆಟಗಾರರು ದಿನದ ಆದೇಶವನ್ನು ಚೀಟಿಯಲ್ಲಿ ಬರೆದುಕೊಡಬೇಕು. ಒಂದು ಕುದುರೆ ತುಕಡಿಗೆ ದಿನಕ್ಕೆ ಒಂದೇ ಕೆಲಸ: ಶತ್ರುವನ್ನು ಹುಡುಕುವುದು, ಇಲ್ಲವೇ ತನ್ನ ಸೈನ್ಯವನ್ನು ಶತ್ರುವಿನ ಕಣ್ಣಿಂದ ಮರೆಮಾಡುವುದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಕುದುರೆ ಹೆಚ್ಚಿದ್ದವರೇ ಗೆದ್ದಂತೆ.

ಹುಡುಕುವ ತುಕಡಿ ಶತ್ರುವಿನಿಂದ ಒಂದು ದಿನದ ನಡೆಯಷ್ಟು ಹತ್ತಿರ ಬಂದಾಗ ಮಧ್ಯಸ್ಥರು ಗುಟ್ಟಾಗಿ ಆರು ಮುಖದ ದಾಳ ಉರುಳಿಸಲಿ. ಬಿದ್ದ ಅಂಕಿಯಿಂದ ಎದುರಿನ ಪ್ರತಿ ಮರೆಪಡೆಗೆ, ಅಂದರೆ ಮರೆಮಾಡುವ ತುಕಡಿಗೆ, 1 ಕಳೆಯಿರಿ. 1 ಅಥವಾ ಕಡಿಮೆ ಉಳಿದರೆ ಸುದ್ದಿಯಿಲ್ಲ. 2-3 ಆದರೆ ಧೂಳೆದ್ದ ದಿಕ್ಕು ಮಾತ್ರ. 4-5 ಆದರೆ ಜಾಗ ಸರಿ, ಸಂಖ್ಯೆ ಮಾತ್ರ ಅರ್ಧವೋ ದುಪ್ಪಟ್ಟೋ ಆಗಿರಬಹುದು. 6 ಬಂದರೆ ಪೂರ್ತಿ ನಿಜ.

ವರದಿ ದೂರಕ್ಕೆ ತಕ್ಕಂತೆ ತಡವಾಗಿ ತಲುಪಲಿ. ದಾರಿಯಲ್ಲಿ ಮರೆಪಡೆಯಿದ್ದರೆ ಇನ್ನೊಂದು ದಾಳ. 1-3 ಬಿದ್ದರೆ ವರದಿ ತರುವ ಹರಿಕಾರ ಸಿಕ್ಕಿಬಿದ್ದ. ಇದನ್ನು ಮಾತ್ರ ಬಿಡಬೇಡಿ, ಆ ಯುದ್ಧದ ತಿರುಳೇ ಇದು. ಮೇ 1791ರಲ್ಲಿ ಟಿಪ್ಪುವಿನ ಸವಾರರು ದೂತರನ್ನು ತಡೆದದ್ದರಿಂದ ಬ್ರಿಟಿಷರ ಮಿತ್ರರಾದ ಮರಾಠರು ಹತ್ತಿರ ಬಂದದ್ದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ಗೆ ತಿಳಿಯಲೇ ಇಲ್ಲ. ಆತ ತನ್ನ ಮುತ್ತಿಗೆಯ ತೋಪುಗಳನ್ನು ನಾಶಮಾಡಿ ಹಿಂದಿರುಗುವಾಗ ಮರಾಠರು ಎದುರಾದರು.

ಈ ಅಂಕಿಗಳು ನಿಮ್ಮ ನಕ್ಷೆಯ ಅಳತೆಗೆ ಹೊಂದದೆಯೂ ಇರಬಹುದು. ಆಟದ ಹತ್ತು ದಿನ ಕಳೆದರೂ ಯಾರಿಗೂ ಯಾರೂ ಕಾಣದಿದ್ದರೆ ಮರೆಪಡೆಯ ಕಡಿತವನ್ನು 2ಕ್ಕೆ ನಿಲ್ಲಿಸಿ.