ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್: ಆರ್‌ಒ ಇದ್ದರೆ ಸಾಕೇ?

ಪ್ರಶ್ನೆ: ನಮ್ಮದು ಲಿಂಗಸುಗೂರು ತಾಲ್ಲೂಕು. ಬೋರ್‌ವೆಲ್ ನೀರನ್ನು ಲ್ಯಾಬ್‌ಗೆ ಕೊಟ್ಟಾಗ ಲೀಟರಿಗೆ 0.06 ಮಿಲಿಗ್ರಾಂ ಆರ್ಸೆನಿಕ್ ಎಂದು ವರದಿ ಬಂತು. ಮನೆಯಲ್ಲಿ ಆರ್‌ಒ ಇದೆ. ಒಳಬರುವ ನೀರಿನ ಟಿಡಿಎಸ್ (ಕರಗಿದ ಲವಣಾಂಶ) 640, ಹೊರಬರುವುದರದ್ದು 150. ‘ಟಿಡಿಎಸ್ ಇಳಿದಿದೆ, ಧೈರ್ಯವಾಗಿ ಕುಡಿಯಿರಿ’ ಎನ್ನುತ್ತಾರೆ ಸರ್ವಿಸ್‌ನವರು. ನಂಬಬಹುದೇ?

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ತಾಲ್ಲೂಕಿನ ಹಟ್ಟಿ ಸುತ್ತಿನ ಚಿನ್ನದ ಶಿಲೆಗಳಲ್ಲಿ ಆರ್ಸೆನೋಪೈರೈಟ್ ಎಂಬ ಆರ್ಸೆನಿಕ್ ಖನಿಜವಿರುತ್ತದೆ, ಆದ್ದರಿಂದ ಅಲ್ಲಿ ಇಂಥ ವರದಿ ಬರುವುದು ಅಚ್ಚರಿಯಲ್ಲ. ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ; ನಿಮ್ಮದು ಅದರ ಆರು ಪಟ್ಟು. ಟಿಡಿಎಸ್ ಮೀಟರಿಗೆ ಇಷ್ಟು ಸಣ್ಣ ಪ್ರಮಾಣ ಕಾಣುವುದೇ ಇಲ್ಲ.

ಆದರೆ ಆ 150 ಬೇರೊಂದು ಗುಟ್ಟು ಹೇಳುತ್ತಿದೆ. ಚೆನ್ನಾಗಿರುವ ಮೆಂಬ್ರೇನ್ (ಆರ್‌ಒ ಒಳಗಿನ ಶೋಧಕ ಪೊರೆ) 640ನ್ನು 40ರ ಆಸುಪಾಸಿಗೆ ಇಳಿಸಬೇಕು. 150 ಉಳಿದಿದೆ ಎಂದರೆ ಒಂದೋ ಮೆಂಬ್ರೇನ್ ಸವೆದಿದೆ, ಇಲ್ಲವೇ ರುಚಿಗೆಂದು ‘ಟಿಡಿಎಸ್ ಕಂಟ್ರೋಲರ್’ ತೆರೆದಿದ್ದಾರೆ. ನಮಗೆ ಎರಡನೆಯದರ ಮೇಲೇ ಅನುಮಾನ. ಮೆಂಬ್ರೇನ್ ದಾಟದ ನೀರನ್ನು ಶುದ್ಧ ನೀರಿಗೆ ಬೆರೆಸುವ ಪುಟ್ಟ ತಿರುಪು ಅದು. ಲೆಕ್ಕ ಹಾಕಿದರೆ ನಿಮ್ಮ ಲೋಟದ ಆರನೇ ಒಂದು ಭಾಗಕ್ಕೂ ಹೆಚ್ಚು ಹಸಿ ಬೋರ್ ನೀರು. ಅಷ್ಟರಿಂದಲೇ 0.01ರ ಮಿತಿ ತುಂಬಿಹೋಯಿತು! ತಿರುಪನ್ನು ಪೂರ್ತಿ ಬಂದ್ ಮಾಡಿಸಿ, ಆರ್‌ಒ ಟ್ಯಾಂಕ್ ಎರಡು ಸಲ ತುಂಬಿಸಿ ಚೆಲ್ಲಿ, ಮತ್ತೆ ಅಳೆಯಿರಿ. ಆಗಲೂ 100ರ ಮೇಲಿದ್ದರೆ ಮೆಂಬ್ರೇನ್ ಬದಲಿಸಿ. ನೀರು ಸಪ್ಪೆ ಎನಿಸಿದರೆ ಮಿನರಲ್ ಕಾರ್ಟ್ರಿಜ್ ಹಾಕಿಸಿ; ಅದು ಹಸಿ ನೀರು ಬೆರೆಸುವುದಿಲ್ಲ.

ಇನ್ನೊಂದು ತೊಡಕಿದೆ. ಆಳದ ನೀರಿನಲ್ಲಿ ಆರ್ಸೆನಿಕ್ ಹಲವೊಮ್ಮೆ ‘ಆರ್ಸೆನೈಟ್’ ರೂಪದಲ್ಲಿರುತ್ತದೆ. ಅದಕ್ಕೆ ವಿದ್ಯುದಂಶವಿಲ್ಲ, ಹಾಗಾಗಿ ಮೆಂಬ್ರೇನಿನಿಂದ ಸಾಕಷ್ಟು ನುಸುಳುತ್ತದೆ. ಕ್ಲೋರಿನ್ ತಾಗಿದರೆ ‘ಆರ್ಸೆನೇಟ್’ ಆಗುತ್ತದೆ, ಆಮೇಲೆ ಆರ್‌ಒ ಅದನ್ನು ಚೆನ್ನಾಗಿ ತಡೆಯುತ್ತದೆ. 1000 ಲೀಟರ್ ಟ್ಯಾಂಕಿಗೆ ಶೇ 25 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 4 ಗ್ರಾಂ. ಒಂದು ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಿರಿ. ಅರ್ಧ ಗಂಟೆಯ ಬಳಿಕ ಕ್ಲೋರಿನ್ ಕಿಟ್‌ನಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ತೋರಿಸಬೇಕು. ಏನೂ ತೋರದಿದ್ದರೆ ನೀರಿನಲ್ಲಿರುವ ಕಬ್ಬಿಣವೋ ಕೊಳೆಯೋ ಅದನ್ನು ತಿಂದುಹಾಕಿದೆ, ಇನ್ನಷ್ಟು ಹಾಕಿ. ಕ್ಲೋರಿನ್ ಮೆಂಬ್ರೇನಿಗೆ ಶತ್ರು. ಅದನ್ನು ತಡೆಯುವುದು ಮುಂದಿರುವ ಕಾರ್ಬನ್ ಫಿಲ್ಟರ್, ಅದನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಬದಲಿಸಿ.

ಇಷ್ಟೆಲ್ಲ ಆದ ಮೇಲೆ ಕುಡಿಯುವ ನಲ್ಲಿಯ ನೀರನ್ನು ಲ್ಯಾಬ್‌ಗೆ ಕೊಡಿ, ಬೋರಿನದ್ದನ್ನಲ್ಲ. ಬಾಟಲಿ ಲ್ಯಾಬ್‌ನವರದ್ದೇ ಆಗಿರಲಿ, ಅದರಲ್ಲಿ ಆಮ್ಲ ಹಾಕಿಟ್ಟಿದ್ದರೆ ತೊಳೆಯಬೇಡಿ.

ಪ್ರಶ್ನೆ: ಕುದಿಸಿದರೆ, ಪಟಿಕ ಹಾಕಿದರೆ ಹೋಗುವುದಿಲ್ಲವೇ?

ಉತ್ತರ: ಕುದಿಸಿದರೆ ನೀರು ಆವಿಯಾಗುತ್ತದೆ, ಆರ್ಸೆನಿಕ್ ಉಳಿಯುತ್ತದೆ, ಅಂದರೆ ಇನ್ನೂ ಗಟ್ಟಿಯಾಗುತ್ತದೆ. ಯುವಿ ದೀಪ, ಕ್ಯಾಂಡಲ್ ಫಿಲ್ಟರ್ ಎರಡೂ ಇದಕ್ಕಲ್ಲ. ಪಟಿಕ ಸ್ವಲ್ಪ ತೆಗೆದೀತು, ಆದರೆ ಎಷ್ಟು ಎಂಬ ಭರವಸೆಯಿಲ್ಲ.

ಪ್ರಶ್ನೆ: ಸ್ನಾನ, ಅಡುಗೆ, ಆರ್‌ಒದಿಂದ ಹೊರಹೋಗುವ ನೀರು?

ಉತ್ತರ: ಈ ಪ್ರಮಾಣದಲ್ಲಿ ಸ್ನಾನ, ಬಟ್ಟೆಗೆ ಬೋರ್ ನೀರು ಆದೀತು, ಚರ್ಮದ ಮೂಲಕ ಒಳಸೇರುವುದು ತೀರಾ ಕಡಿಮೆ. ಅನ್ನ, ಬೇಳೆ, ಅಂಬಲಿಗೆ ಮಾತ್ರ ಬೇಡ: ಅಕ್ಕಿ ಹೀರಿದ ನೀರಿನ ಜೊತೆ ಆರ್ಸೆನಿಕ್ಕೂ ಅನ್ನಕ್ಕೆ ಸೇರುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಹೋದರೆ ಆ ಮೂರರಲ್ಲಿ ಲೀಟರಿಗೆ ಸುಮಾರು 0.08 ಮಿಲಿಗ್ರಾಂ ಇರುತ್ತದೆ. ಅದನ್ನು ಶೌಚಾಲಯಕ್ಕೆ, ನೆಲ ಒರೆಸಲು ಬಳಸಿ. ದನಕ್ಕೆ ಕುಡಿಸಬೇಡಿ, ಸೊಪ್ಪಿನ ಮಡಿಗೂ ಬಿಡಬೇಡಿ.